ಉಪ್ಪುಮೀನಿನ ಭರಣಿಗೆ ಸಿಕ್ಕ ಲ್ಯಾಟಿನ್ ಹೆಸರು

1970ರ ದಶಕದ ಕೊನೆಯ ಒಂದು ಮಳೆಗಾಲ. ಬೆಂಗಳೂರಿನ ಬಾಡಿಗೆ ಕೋಣೆಯೊಂದರಲ್ಲಿದ್ದುಕೊಂಡು ನಾನು ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದೆ. ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅಮ್ಮ ಒಂದು ಗಾಜಿನ ಬಾಟಲಿ ಕಳಿಸಿದ್ದಳು. ಅದರಲ್ಲಿದ್ದುದು ಉಪ್ಪು ಮತ್ತು ಉಪ್ಪಾಗೆಯ ಸಿಪ್ಪೆಯಲ್ಲಿ ತಿಂಗಳುಗಟ್ಟಲೆ ಮಾಗಿದ ಬಂಗುಡೆ. ಮುಚ್ಚಳಕ್ಕೆ ಮೇಣ, ಮೇಣದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ದಾರ. ಇಷ್ಟಾದರೂ ವಾಸನೆ ಹೊರಬಂದೇ ಬಂತು. ಮನೆಯ ಮಾಲೀಕರು ಬಾಗಿಲ ಬಳಿ ನಿಂತು ಒಂದೇ ಮಾತು ಕೇಳಿದರು: ‘ಇಲ್ಲಿ ಏನಾದರೂ ಸತ್ತಿದೆಯೇನ್ರೀ?’ ಆ ರಾತ್ರಿ ರಸ್ತೆಯಲ್ಲಿ ಜನಸಂಚಾರ ನಿಂತ ಮೇಲೆ, ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಮೂರು ಬೀದಿ ದಾಟಿ ಹೋಗಿ ಕಸದ ತೊಟ್ಟಿಗೆ ಹಾಕಿ ಬಂದೆ. ಮೀನು ಚೆನ್ನಾಗಿತ್ತೆಂದು ಅಮ್ಮನಿಗೆ ಪತ್ರ ಬರೆದೆ.

ಆ ಬಾಟಲಿಯ ನೆನಪು ಮತ್ತೆ ಎದ್ದು ಕುಳಿತದ್ದು ಕೆಲವು ವರ್ಷಗಳ ಹಿಂದೆ, ದಕ್ಷಿಣ ಕೊರಿಯಾದ ಗಾಂಗ್‌ಗ್ಯಂಗ್ ಎಂಬ ಸಣ್ಣ ಪಟ್ಟಣದಲ್ಲಿ. ವಿಚಾರ ಸಂಕಿರಣವೊಂದಕ್ಕೆ ದೇಜೊನ್ ನಗರಕ್ಕೆ ಹೋಗಿದ್ದ ನನ್ನನ್ನು ಅಲ್ಲಿನ ಗೆಳೆಯರೊಬ್ಬರು ಈ ಊರಿಗೆ ಕರೆದೊಯ್ದಿದ್ದರು. ಗುಮ್ ನದಿಯ ದಂಡೆಯ ಹಳೆಯ ಬಂದರು ಅದು. ಒಂದು ಕಾಲದಲ್ಲಿ ಪಶ್ಚಿಮ ಸಮುದ್ರದ ದೋಣಿಗಳು ಮೀನು, ಉಪ್ಪು ಹೊತ್ತು ಅಲ್ಲಿಯವರೆಗೆ ಬರುತ್ತಿದ್ದವು. ಮಾರಿ ಉಳಿದ ಮೀನನ್ನು ಕೆಡದಂತೆ ಉಪ್ಪಿಗೆ ಹಾಕುವ ಕಸುಬು ಅಲ್ಲಿ ಬೆಳೆಯಿತು. ದೋಣಿಗಳು ಹೋದವು, ಕಸುಬು ಉಳಿಯಿತು. ಈಗ ಬೀದಿಯ ಎರಡೂ ಬದಿಗೆ ಅದರ ಅಂಗಡಿಗಳೇ. ಶರತ್ಕಾಲದಲ್ಲಿ ಅದರ ಹೆಸರಿನಲ್ಲಿ ಉತ್ಸವವೂ ನಡೆಯುತ್ತದೆ.

ಆ ಪದಾರ್ಥದ ಹೆಸರು ಜೊತ್‌ಗಲ್. ಸೀಗಡಿ, ನೆತ್ತಲಿ, ಸಿಂಪಿ, ಬೊಂಡಾಸ್, ಮೀನಿನ ಮೊಟ್ಟೆ, ಕೊನೆಗೆ ಮೀನಿನ ಕರುಳು ಕೂಡ, ಹೀಗೆ ಸಮುದ್ರ ಕೊಟ್ಟ ಯಾವುದನ್ನೇ ಆಗಲಿ ಧಾರಾಳವಾಗಿ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಮಾಗಿಸುವುದು. ಸಾಂಪ್ರದಾಯಿಕ ಕ್ರಮದಲ್ಲಿ ಉಪ್ಪಿನ ಪ್ರಮಾಣ ತೂಕದ ಶೇ 20ರಿಂದ 30ರಷ್ಟಾಗುವುದುಂಟು. ಕೊರಿಯನ್ನರ ನಿತ್ಯದ ಕಿಮ್ಚಿಗೆ ರುಚಿಯ ಆಳ ಬರುವುದು ಬಹುಮಟ್ಟಿಗೆ ಸೀಗಡಿ ಮತ್ತು ನೆತ್ತಲಿಯ ಜೊತ್‌ಗಲ್‌ನಿಂದ. ಅವರಿಗೆ ಇದು ಹೊಸತೇನಲ್ಲ. 683ರಲ್ಲಿ ಸಿಲ್ಲಾ ರಾಜ್ಯದ ದೊರೆ ಸಿನ್ಮುನ್ ವಧುವಿನ ಮನೆಗೆ ಕಳಿಸಿದ ಉಡುಗೊರೆಗಳಲ್ಲಿ ಅಕ್ಕಿ, ಮದ್ಯ, ಎಣ್ಣೆ, ಜೇನಿನ ಜೊತೆ ಉಪ್ಪಿನಲ್ಲಿ ಮಾಗಿಸಿದ ಇಂಥ ಪದಾರ್ಥವೂ ಇತ್ತೆಂದು 12ನೇ ಶತಮಾನದ ಅವರ ಇತಿಹಾಸ ಗ್ರಂಥ ‘ಸಾಮ್‌ಗುಕ್ ಸಾಗಿ’ಯಲ್ಲಿ ದಾಖಲಾಗಿದೆ. ನಾನು ರಾತ್ರಿ ಕದ್ದು ಎಸೆದಂಥದ್ದೇ ಒಂದು ವಸ್ತುವನ್ನು ಅವರ ರಾಜ ಮದುವೆಯ ಬಳುವಳಿಯಾಗಿ ಕಳಿಸಿದ್ದ!

ಅಂಗಡಿಯ ಮುದುಕಿಯೊಬ್ಬಳು ಬಿದಿರುಕಡ್ಡಿಯ ತುದಿಯಲ್ಲಿ ಎರಡು ಸೀಗಡಿ ಎತ್ತಿ ಕೊಟ್ಟಳು. ಚಾಂದ್ರಮಾನದ ಆರನೇ ತಿಂಗಳಲ್ಲಿ ಹಿಡಿದ ಸೀಗಡಿಯದೇ ಶ್ರೇಷ್ಠವಂತೆ, ಅದಕ್ಕೊಂದು ಪ್ರತ್ಯೇಕ ಹೆಸರು, ಪ್ರತ್ಯೇಕ ಬೆಲೆ. ನಾಲಿಗೆಗೆ ತಾಗಿದೊಡನೆ ಮೊದಲು ಉಪ್ಪು, ಆಮೇಲೆ ಎಲ್ಲಿಂದಲೋ ಒಂದು ಸಿಹಿ, ಕೊನೆಗೆ ಮಲ್ಪೆ ಕಡೆಯ ನನ್ನಜ್ಜಿಯ ಅಡುಗೆಮನೆಯ ಮೂಲೆ. ‘ನಿಮ್ಮ ದೇಶದಲ್ಲಿ ಇಂಥದ್ದು ಇದೆಯೇ?’ ಎಂದು ಆಕೆ ಗೆಳೆಯರ ಮೂಲಕ ಕೇಳಿಸಿದಳು. ‘ಇಲ್ಲ’ ಎಂದುಬಿಟ್ಟೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಹೇಳಿದ ನನ್ನ ಬಾಯಿಂದ ಆ ಸುಳ್ಳು ಎಷ್ಟು ಸರಾಗವಾಗಿ ಬಂತೆಂಬುದು ನನಗೇ ಅಚ್ಚರಿ.

ಭರಣಿಯೊಳಗೆ ನಡೆಯುವುದೇನು? ಮೀನು ಸತ್ತ ಕೂಡಲೇ ಅದರ ಜಠರ ಮತ್ತು ಸ್ನಾಯುಗಳಲ್ಲಿರುವ ಕಿಣ್ವಗಳು ತನ್ನದೇ ದೇಹವನ್ನು ಕರಗಿಸತೊಡಗುತ್ತವೆ. ಹೊರಗಿನ ಬ್ಯಾಕ್ಟೀರಿಯಾಗಳು ಕೊಳೆಸಲು ಕಾದಿರುತ್ತವೆ. ಇವೆರಡರ ನಡುವಿನ ಪೈಪೋಟಿಯಲ್ಲಿ ಉಪ್ಪು ಪಂಚಾಯಿತಿ ಮಾಡುತ್ತದೆ. ಅದು ಮೀನಿನ ನೀರನ್ನು ಹೊರಗೆಳೆದು, ಕೊಳೆಸುವ ಬ್ಯಾಕ್ಟೀರಿಯಾಗಳ ಜೀವಕೋಶಗಳನ್ನೂ ಒಣಗಿಸಿಬಿಡುತ್ತದೆ. ಆದರೆ ಕಿಣ್ವಗಳ ಕೆಲಸ ನಿಧಾನವಾಗಿ ಮುಂದುವರಿಯುತ್ತದೆ. ಪ್ರೋಟೀನುಗಳ ದೊಡ್ಡ ಸರಪಣಿಗಳು ತುಂಡಾಗಿ ಅಮೈನೋ ಆಮ್ಲಗಳಾಗುತ್ತವೆ. ಅವುಗಳಲ್ಲೊಂದಾದ ಗ್ಲುಟಮೇಟ್‌ನ ರುಚಿಯನ್ನು 1908ರಲ್ಲಿ ಗುರುತಿಸಿ ಅದಕ್ಕೆ ‘ಉಮಾಮಿ’ ಎಂಬ ಹೆಸರಿಟ್ಟವನು ಜಪಾನಿನ ರಸಾಯನ ವಿಜ್ಞಾನಿ ಕಿಕುನೇ ಇಕೆಡಾ.

ಉಪ್ಪಿಗೆ ಹೆದರದ ಜೀವಿಗಳೂ ಉಂಟು. ಕೆಲವು ಬ್ಯಾಕ್ಟೀರಿಯಾಗಳು ಬೀಟೈನ್, ಎಕ್ಟೋಯಿನ್‌ನಂಥ ನಿರುಪದ್ರವಿ ಕಣಗಳನ್ನು ಒಡಲಲ್ಲಿ ತುಂಬಿಕೊಂಡು ಹೊರಗಿನ ಉಪ್ಪಿನ ಸೆಳೆತಕ್ಕೆ ಸಮತೂಕ ಕೊಡುತ್ತವೆ. ಇನ್ನು ಕೆಲವು ಪೊಟ್ಯಾಸಿಯಂ ತುಂಬಿಕೊಂಡು ಬದುಕುತ್ತವೆ. ಕೊಳೆಸುವ ಗುಂಪು ಸೋತು ಹಿಂದೆ ಸರಿದ ಮೇಲೆ ಭರಣಿ ಈ ಸಹನಶೀಲರ ಸಾಮ್ರಾಜ್ಯವಾಗುತ್ತದೆ. ಟೆಟ್ರಾಜಿನೋಕಾಕಸ್‌ನಂಥವು ಆಮ್ಲ ಮತ್ತು ಪರಿಮಳದ ಸಂಯುಕ್ತಗಳನ್ನು ಸೇರಿಸುತ್ತವೆ. ನಮ್ಮ ಮೂಗಿಗೆ ‘ನಾತ’ ಎಂದು ತೋರುವುದರ ಹಿಂದೆ ಇಷ್ಟು ಶಿಸ್ತಿನ ವ್ಯವಹಾರವಿದೆ. ಕೊಳೆಯುವುದಕ್ಕೂ ಮಾಗುವುದಕ್ಕೂ ಇರುವ ವ್ಯತ್ಯಾಸವನ್ನು ಕಂಡುಕೊಂಡವರು ವಿಜ್ಞಾನಿಗಳಲ್ಲ, ಉಪ್ಪಿನ ಹಿಡಿ ಎಷ್ಟು ದೊಡ್ಡದಿರಬೇಕೆಂದು ಬಲ್ಲ ಹೆಂಗಸರು.

ವಿಜ್ಞಾನಿಗಳು ಬಂದದ್ದು ಆಮೇಲೆ. ದೇಜೊನ್‌ನಲ್ಲಿರುವ ಕೊರಿಯಾ ಜೀವವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಯೂನ್ ಜಂಗ್-ಹೂನ್ ಮತ್ತು ಸಂಗಡಿಗರು ಜೊತ್‌ಗಲ್‌ನಿಂದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸತೊಡಗಿದರು. 2001ರಲ್ಲಿ ಅವರು ಒಂದು ಹೊಸ ಕುಲವನ್ನೇ ಪ್ರಕಟಿಸಿದರು. ಅದರ ಹೆಸರು ಜೊತ್‌ಗಲಿಬ್ಯಾಸಿಲಸ್. 2003ರಲ್ಲಿ ಇನ್ನೊಂದು ಕುಲ, ಜೊತ್‌ಗಲಿಕಾಕಸ್. ಅಂದರೆ ‘ಜೊತ್‌ಗಲ್‌ನಲ್ಲಿ ಸಿಕ್ಕ ದುಂಡಗಿನ ಬ್ಯಾಕ್ಟೀರಿಯಾ’. ಅದರಲ್ಲಿ ಎರಡು ಪ್ರಭೇದಗಳು. ಹ್ಯಾಲೋಟಾಲರನ್ಸ್ ಎಂದರೆ ಉಪ್ಪನ್ನು ಸಹಿಸುವುದು, ಸೈಕ್ರೋಫಿಲಸ್ ಎಂದರೆ ತಂಪನ್ನು ಬಯಸುವುದು. ಅಡುಗೆಮನೆಯ ಒಂದು ದೇಸೀ ಶಬ್ದ ಹೀಗೆ ಜಗತ್ತಿನ ಎಲ್ಲ ಸೂಕ್ಷ್ಮಜೀವಿ ವಿಜ್ಞಾನಿಗಳ ನಾಲಿಗೆಯ ಮೇಲೆ ಹತ್ತಿ ಕುಳಿತಿತು. ಆ ಮೇಲೆ ಬೇರೆ ಬೇರೆ ತಂಡಗಳು ಸೇರಿಸಿದ ಹೆಸರುಗಳೂ ಬಂದವು: ಹ್ಯಾಲಾಲ್ಕಲಿಕಾಕಸ್ ಜೊತ್‌ಗಲಿ, ಲೆಂಟಿಬ್ಯಾಸಿಲಸ್ ಜೊತ್‌ಗಲಿ.

ಹೆಸರಿಡುವುದೆಂದರೆ ಕೇವಲ ನಾಮಕರಣವಲ್ಲ. ಹೊಸ ಬ್ಯಾಕ್ಟೀರಿಯಾವೆಂದು ಸಾಧಿಸಲು ಅದರ ರೈಬೋಸೋಮಿನ ವಂಶವಾಹಿಯನ್ನು ಓದಿ ಬಂಧುಬಳಗದೊಂದಿಗೆ ಹೋಲಿಸಬೇಕು. ಕಾರ್ಲ್ ವೋಸ್ 1977ರಲ್ಲಿ ತೋರಿದ ದಾರಿ ಅದು. ಎಷ್ಟು ಉಪ್ಪಿನಲ್ಲಿ, ಎಷ್ಟು ಉಷ್ಣಾಂಶದಲ್ಲಿ ಬೆಳೆಯುತ್ತದೆ, ಕೋಶಭಿತ್ತಿಯಲ್ಲಿ ಏನಿದೆ, ಕೊಬ್ಬಿನಾಮ್ಲಗಳು ಯಾವುವು ಎಂದೆಲ್ಲ ದಾಖಲಿಸಬೇಕು. ಕೊನೆಗೆ ಅದರ ಜೀವಂತ ಮಾದರಿಯನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಾಲಯಗಳಿಗೆ ಒಪ್ಪಿಸಬೇಕು. ಯಾರು ಬೇಕಾದರೂ ಕೇಳಿ ಪಡೆದು ಪರೀಕ್ಷಿಸಲು ಸಾಧ್ಯವಾಗಬೇಕೆಂಬುದು ಆ ನಿಯಮದ ಉದ್ದೇಶ. ಭರಣಿ ಒಡೆದುಹೋದರೂ, ಊರು ಮರೆತರೂ, ಆ ಜೀವಿ ಮಾತ್ರ ಎಲ್ಲೋ ಒಂದು ಶೀತಲ ಪೆಟ್ಟಿಗೆಯಲ್ಲಿ ಕಾದಿರುತ್ತದೆ.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಜೊತ್‌ಗಲಿಕಾಕಸ್‌ನ ಮುಂದಿನ ಕಥೆಯೇ ಉತ್ತರ. 2004ರಲ್ಲಿ ಅದೇ ಕುಲದ ಮತ್ತೊಂದು ಪ್ರಭೇದ ದಕ್ಷಿಣ ಸಾಗರದ ಆನೆಸೀಲ್ ಒಂದರ ದೇಹದಲ್ಲಿ ಸಿಕ್ಕಿತು. 2011ರಲ್ಲಿ ಇನ್ನೆರಡು ಕೋಳಿಸಾಕಣೆಯ ಮನೆಗಳಲ್ಲಿ ಸಿಕ್ಕವು. ಅದೇ ವರ್ಷ ಅಮೆರಿಕದ ಸಂಶೋಧಕರು, ಅಲ್ಲಿನ ಸಂಗ್ರಹಾಲಯವೊಂದರಲ್ಲಿದ್ದ ಜೊತ್‌ಗಲಿಕಾಕಸ್ ತಳಿಯೊಂದರಲ್ಲಿ ವಿಚಿತ್ರವಾದ ಕಿಣ್ವವೊಂದನ್ನು ಕಂಡುಹಿಡಿದರು. ‘ಓಲ್‌ಟಿ’ ಎಂದು ಅದಕ್ಕೆ ಹೆಸರು. ಅದು ಕೊಬ್ಬಿನಾಮ್ಲದ ತುದಿಯಿಂದ ಇಂಗಾಲದ ಡೈ ಆಕ್ಸೈಡನ್ನು ಕಿತ್ತೊಗೆದು, ಉಳಿದ ಸರಪಣಿಯನ್ನು ಪೆಟ್ರೋಲಿಯಂನಿಂದ ತೆಗೆಯುವಂಥದೇ ಹೈಡ್ರೋಕಾರ್ಬನ್ ಆಗಿ ಬದಲಿಸುತ್ತದೆ. ಎಣ್ಣೆಬಾವಿಯಿಲ್ಲದೆ ಇಂಧನ ಹಾಗೂ ಮಾರ್ಜಕಗಳ ಕಚ್ಚಾವಸ್ತು ತಯಾರಿಸಬಹುದೇ ಎಂಬ ಹುಡುಕಾಟದಲ್ಲಿ ಈ ಕಿಣ್ವ ಅಂದಿನಿಂದ ಹಲವು ಪ್ರಯೋಗಾಲಯಗಳ ಅಧ್ಯಯನದ ವಸ್ತುವಾಗಿದೆ. ಆ ತಳಿಯನ್ನು ಜೋಪಾನವಾಗಿ ಇಟ್ಟವರಿಗೆ ಮುಂದೆ ಹೀಗಾಗುತ್ತದೆಂಬ ಕಲ್ಪನೆ ಇದ್ದಿರಲಾರದು. ಸಂಗ್ರಹಾಲಯದ ಅರ್ಥವೇ ಅದು: ಬೆಲೆ ಗೊತ್ತಿಲ್ಲದ ವಸ್ತುವನ್ನೂ ಎಸೆಯದಿರುವುದು.

ಈಗ ನಮ್ಮ ಕರಾವಳಿಗೆ ಬರೋಣ. ನಾನು ‘ಇಲ್ಲ’ ಎಂದ ಆ ವಸ್ತು ನಮ್ಮಲ್ಲಿ ಇತ್ತು. ಮೀನುಗಾರಿಕೆಯ ಪಠ್ಯಪುಸ್ತಕಗಳಲ್ಲಿ ಅದಕ್ಕೆ ‘ಕೊಲಂಬೊ ಕ್ಯೂರಿಂಗ್’ ಎಂಬ ಹೆಸರಿದೆ. ದಕ್ಷಿಣ ಕನ್ನಡ ಮತ್ತು ಮಲಬಾರ್ ಕರಾವಳಿಯಲ್ಲಿ ತಾಜಾ ಬಂಗುಡೆಯ ಕಿವಿರು, ಕರುಳು ತೆಗೆದು, ಚೆನ್ನಾಗಿ ತೊಳೆದು, ಮೂರು ಪಾಲು ಮೀನಿಗೆ ಒಂದು ಪಾಲಿನಂತೆ ಉಪ್ಪು ಬೆರೆಸಿ, ಹೊಟ್ಟೆಯೊಳಗೆ ಒಣಗಿದ ಉಪ್ಪಾಗೆಯ ಸಿಪ್ಪೆಯಿಟ್ಟು ತೊಟ್ಟಿಗಳಲ್ಲಿ ಜೋಡಿಸುತ್ತಿದ್ದರು. ಮೀನು ಬಿಟ್ಟ ನೀರಿನಲ್ಲೇ ಅದು ತಿಂಗಳುಗಟ್ಟಲೆ ಮುಳುಗಿರುತ್ತಿತ್ತು. ಬಳಿಕ ಮರದ ಪೀಪಾಯಿಗಳಲ್ಲಿ ತುಂಬಿ, ಅದೇ ರಸ ಸುರಿದು, ಸಿಂಹಳಕ್ಕೆ ಕಳಿಸುತ್ತಿದ್ದರು. ಅಲ್ಲಿ ಅದರ ಹೆಸರು ‘ಜಾಡಿ’. ನಮ್ಮ ಉಪ್ಪಿನಕಾಯಿಯ ಜಾಡಿ ಕಂಡಾಗಲೆಲ್ಲ ನನಗೆ ಆ ಹೆಸರಿನ ನೆನಪಾಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಸುಂಕವಿಲ್ಲದ ಉಪ್ಪು ಒದಗಿಸುವ ಸರ್ಕಾರಿ ಮೀನು ಸಂಸ್ಕರಣಾ ಅಂಗಳಗಳೂ ಕರಾವಳಿಯುದ್ದಕ್ಕೂ ಇದ್ದವು.

ನನ್ನಜ್ಜ ಪೀಪಾಯಿ ತುಂಬಿಸುವ ಕೂಲಿಯಾಗಿದ್ದ. ಅಲ್ಲಿ ಕಲಿತ ವಿದ್ಯೆ ಅಜ್ಜಿಯ ಭರಣಿಗೆ ಬಂತು. ಆಟಿ ತಿಂಗಳಲ್ಲಿ ಕಡಲು ಬಾಗಿಲು ಮುಚ್ಚಿದಾಗ, ಕುಚ್ಚಲಕ್ಕಿ ಗಂಜಿಯ ಜೊತೆ ಆ ಭರಣಿಯ ಒಂದು ತುಂಡು ಇಡೀ ಮನೆಗೆ ಸಾಕಾಗುತ್ತಿತ್ತು. ಸೂಕ್ಷ್ಮಜೀವಿ ವಿಜ್ಞಾನದ ದೃಷ್ಟಿಯಿಂದ ಅದು ಜೊತ್‌ಗಲ್‌ಗಿಂತ ಕುತೂಹಲಕಾರಿ. ಏಕೆಂದರೆ ಅಲ್ಲಿ ಉಪ್ಪಿನ ಜೊತೆ ಉಪ್ಪಾಗೆಯ ಹುಳಿಯೂ ಇದೆ. ಉಪ್ಪು ಮತ್ತು ಹುಳಿ ಎರಡನ್ನೂ ತಡೆದುಕೊಳ್ಳಬಲ್ಲ ಜೀವಿಗಳಷ್ಟೇ ಆ ಭರಣಿಯಲ್ಲಿ ಉಳಿಯಬಲ್ಲವು. ಪಶ್ಚಿಮಘಟ್ಟದ ಕಾಡಿನ ಹಣ್ಣು ಮತ್ತು ಅರಬ್ಬೀ ಸಮುದ್ರದ ಮೀನು ಒಂದೇ ಪಾತ್ರೆಯಲ್ಲಿ ಕೂಡುವ ಜಾಗ ಜಗತ್ತಿನಲ್ಲಿ ಎಷ್ಟಿದ್ದಾವು?

ಆಮೇಲೆ ಮಂಜುಗಡ್ಡೆ ಬಂತು, ಯಾಂತ್ರಿಕ ದೋಣಿ ಬಂತು, ಹೆದ್ದಾರಿ ಬಂತು. ಹಿಡಿದ ಬಂಗುಡೆ ಮರುದಿನವೇ ದೂರದ ಊರುಗಳಲ್ಲಿ ತಾಜಾ ಮೀನಾಗಿ ಮಾರಾಟವಾಗತೊಡಗಿತು. ತಾಜಾ ಮೀನಿಗೆ ಒಳ್ಳೆಯ ಬೆಲೆ ಸಿಗುವಾಗ ಅದನ್ನು ನಾಲ್ಕು ತಿಂಗಳು ಉಪ್ಪಿನಲ್ಲಿ ಕಾಯಿಸಿಡುವವರು ಯಾರು? ಇದರಲ್ಲಿ ಯಾರದೂ ತಪ್ಪಿಲ್ಲ. ಅಜ್ಜನ ಮೊಮ್ಮಕ್ಕಳು ಓದಿದ್ದು ಆ ತಾಜಾ ಮೀನಿನ ಹಣದಿಂದಲೇ. ಆದರೆ ಹೋದದ್ದು ಹೇಗೆ ಹೋಯಿತೆಂಬುದು ಮುಖ್ಯ. ಕೊರಿಯನ್ನರ ಮನೆಗಳಿಗೂ ಶೀತಕ ಯಂತ್ರ ಬಂತು, ಅವರು ಕಿಮ್ಚಿಗೆಂದೇ ಪ್ರತ್ಯೇಕ ಫ್ರಿಜ್ ಮಾಡಿಕೊಂಡರು. 2013ರಲ್ಲಿ ಅವರ ಸಾಮೂಹಿಕ ಕಿಮ್ಚಿ ತಯಾರಿಕೆ ಯುನೆಸ್ಕೊ ಪಟ್ಟಿಗೆ ಸೇರಿತು. ನಾವಾದರೋ ಭರಣಿಯ ಜೊತೆಗೆ ಅದರ ಶಬ್ದಗಳನ್ನೂ ಬಿಟ್ಟುಕೊಟ್ಟೆವು. ನಮಗೆ ಬಡತನವನ್ನು ನೆನಪಿಸುವ ವಾಸನೆಯಾಗಿ ಅದು ಕಂಡಿತು.

ಹಳೆಯದೆಲ್ಲ ಅಮೃತವೆಂದು ಸಾರುವುದು ನನ್ನ ಉದ್ದೇಶವಲ್ಲ. ಇಂಥ ಆಹಾರದಲ್ಲಿ ಉಪ್ಪು ವಿಪರೀತ. ರಕ್ತದೊತ್ತಡವಿರುವವರು ದೂರವಿರುವುದೇ ಲೇಸು. ಬಂಗುಡೆಯಂಥ ಮೀನನ್ನು ತಡವಾಗಿ ಉಪ್ಪಿಗೆ ಹಾಕಿದರೆ ಹಿಸ್ಟಮಿನ್ ಎಂಬ ಸಂಯುಕ್ತ ಹೆಚ್ಚಿ ಮೈ ಕೆಂಪೇರಿ ತುರಿಕೆ, ತಲೆನೋವು ಬರಬಹುದು. ಅದು ಕುದಿಸಿದರೂ ಹೋಗದು. ಚೀನೀ ಶೈಲಿಯ ಉಪ್ಪುಮೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1993ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. 2019ರಲ್ಲಿ ಕೊರಿಯಾದಲ್ಲೇ ಸಾವಿರಾರು ಜನರಿಗೆ ಹೆಪಟೈಟಿಸ್-ಎ ತಗುಲಿದಾಗ, ಕಲುಷಿತ ಚಿಪ್ಪುಮೀನಿನ ಜೊತ್‌ಗಲ್ ಅದಕ್ಕೆ ಮುಖ್ಯ ಕಾರಣವೆಂದು ಅಲ್ಲಿನ ಆರೋಗ್ಯ ಅಧಿಕಾರಿಗಳು ಪತ್ತೆಹಚ್ಚಿದರು. ಅವರು ಜೊತ್‌ಗಲ್ಲನ್ನು ನಾಚಿಕೆಯಿಂದ ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಸಮರ್ಥಿಸಲೂ ಹೋಗಲಿಲ್ಲ. ಅದನ್ನು ಪರೀಕ್ಷಿಸಿದರು. ಒಂದು ಆಹಾರವನ್ನು ಗೌರವಿಸುವುದೆಂದರೆ ಅದನ್ನು ಪ್ರಶ್ನಿಸುವ ಪ್ರಯೋಗಾಲಯಕ್ಕೆ ಕರೆದೊಯ್ಯುವುದೂ ಹೌದು.

ನಾಚಿಕೆಯ ಮಾತು ಬಂದಾಗ ಇನ್ನೊಂದು ಘಟನೆ. ಮಣಿಪುರದಿಂದ ಬಂದು ನನ್ನಲ್ಲಿ ಸಂಶೋಧನೆ ಮಾಡಿದ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಕಣ್ಣು ತುಂಬಿಕೊಂಡು ಬಂದಳು. ಅಡುಗೆಯ ವಾಸನೆಯ ಕಾರಣಕ್ಕೆ ಬಾಡಿಗೆ ಮನೆ ಬಿಡುವಂತೆ ಹೇಳಿದ್ದರು. ಅವಳು ಬೇಯಿಸಿದ್ದು ಙಾರಿ. ಸಣ್ಣ ಮೀನುಗಳನ್ನು ಬಿಸಿಲಲ್ಲಿ ಒಣಗಿಸಿ, ಉಪ್ಪನ್ನೇ ಹಾಕದೆ, ಒಳಗೆ ಎಣ್ಣೆ ಸವರಿದ ಮಣ್ಣಿನ ಮಡಕೆಯಲ್ಲಿ ಗಾಳಿಯಾಡದಂತೆ ಅದುಮಿ ತಿಂಗಳುಗಟ್ಟಲೆ ಮಾಗಿಸುವ ಪದಾರ್ಥ ಅದು. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳಿಗಾಗಿ ಹೊರತಂದ ಕಿರುಪುಸ್ತಕವೊಂದರಲ್ಲಿ, ವಾಸನೆ ಬರುವ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಬೇಕೆಂಬ ಬುದ್ಧಿವಾದವಿತ್ತು. ಆಗ ಅದು ಟೀಕೆಗೆ ಗುರಿಯಾಗಿತ್ತು. ಅದೇ ಙಾರಿ, ಹೆಂತಾಕ್, ತುಂಗ್‌ತಾಪ್‌ಗಳಲ್ಲಿರುವ ಸೂಕ್ಷ್ಮಜೀವಿಗಳ ವೈವಿಧ್ಯವನ್ನು ಸಿಕ್ಕಿಂನ ಜ್ಯೋತಿ ಪ್ರಕಾಶ್ ತಮಾಂಗ್ ಮತ್ತು ಸಂಗಡಿಗರು 2004ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ವಿಜ್ಞಾನ ಆ ಮಡಕೆಯ ಮುಚ್ಚಳ ತೆರೆದು ಒಳಗೆ ಇಣುಕಿದ ಮೇಲೂ ನಗರ ಮೂಗು ಮುಚ್ಚಿಕೊಂಡೇ ಇತ್ತು.

ಆ ಹುಡುಗಿಗೆ ನಾನು ಸಮಾಧಾನ ಹೇಳಿದೆ, ಬೇರೆ ಮನೆ ಹುಡುಕಿಕೊಟ್ಟೆ. ಆದರೆ ನನ್ನ ಬಾಟಲಿಯ ಕಥೆ ಮಾತ್ರ ಹೇಳಲಿಲ್ಲ. ಅವಳ ಅಡುಗೆಯನ್ನು ಸಹಿಸಬೇಕೆಂದು ಪರರಿಗೆ ಉಪದೇಶಿಸುವುದು ಸುಲಭ, ಒಂದು ಕಾಲದಲ್ಲಿ ನಾನೂ ಆ ಮಾಲೀಕರ ಮೂಗನ್ನೇ ನನ್ನದಾಗಿಸಿಕೊಂಡಿದ್ದೆನೆಂದು ಒಪ್ಪುವುದು ಕಷ್ಟ. ಮೂಗಿಗೂ ಜಾತಿ, ವರ್ಗ, ಊರು ಉಂಟು. ಚೀಸ್‌ನ ಗಬ್ಬನ್ನು ಸಂಸ್ಕೃತಿಯೆಂದು ಒಪ್ಪಿಕೊಳ್ಳುವವರು ಒಣಮೀನಿನ ಪೊಟ್ಟಣ ಕಂಡರೆ ಬಸ್ಸಿನಲ್ಲಿ ಸೀಟು ಬದಲಿಸುತ್ತಾರೆ.

ಮಾಡಬೇಕಾದ ಕೆಲಸವೇನೂ ದೊಡ್ಡದಲ್ಲ. ನಮ್ಮಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ, ಚಂಡೀಗಡದಲ್ಲೂ ಪುಣೆಯಲ್ಲೂ ಸೂಕ್ಷ್ಮಜೀವಿಗಳನ್ನು ಕಾಪಿಡುವ ರಾಷ್ಟ್ರೀಯ ಸಂಗ್ರಹಾಲಯಗಳಿವೆ. ಕಾರವಾರದಿಂದ ಉಳ್ಳಾಲದವರೆಗಿನ ಊರುಗಳಲ್ಲಿ ಈಗಲೂ ಎಲ್ಲಾದರೂ ಅಂಥ ಭರಣಿ ಉಳಿದಿದ್ದರೆ ಅದರ ಒಂದು ಚಮಚ ರಸ, ಅದನ್ನು ಹಾಕಿದವರ ಮಾತಿನ ಒಂದು ಗಂಟೆಯ ಧ್ವನಿಮುದ್ರಣ, ಇಷ್ಟು ಸಾಕು ಆರಂಭಕ್ಕೆ. ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಕೆಲಸ. ಉಪ್ಪು ಎಷ್ಟು, ಉಪ್ಪಾಗೆ ಎಷ್ಟು, ಯಾವ ತಿಂಗಳ ಬಂಗುಡೆ, ಭರಣಿಯನ್ನು ಯಾವ ಮೂಲೆಯಲ್ಲಿಡಬೇಕು ಎಂದು ಹೇಳಬಲ್ಲವರು ಎಂಬತ್ತು ದಾಟಿದ್ದಾರೆ. ಸೂಕ್ಷ್ಮಜೀವಿ ಶೀತಲ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಕಾಯಬಲ್ಲದು, ಮನುಷ್ಯರು ಕಾಯಲಾರರು.

ಕೊರಿಯಾದಿಂದ ಮರಳಿದ ಮೇಲೆ ಊರಿಗೆ ಹೋಗಿದ್ದೆ. ಅಜ್ಜಿಯ ಭರಣಿ ಅಂಗಳದ ಮೂಲೆಯಲ್ಲಿತ್ತು, ಅದರಲ್ಲಿ ಯಾರೋ ತುಳಸಿ ನೆಟ್ಟಿದ್ದರು. ಅಮ್ಮ ಆಗಿನ್ನೂ ಇದ್ದಳು, ತೊಂಬತ್ತರ ಹತ್ತಿರ. ಬಾಟಲಿಯ ವಿಷಯವನ್ನು ಅವಳ ಮುಂದೆ ಕೊನೆಗೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಆಗಲೇ ಗೊತ್ತಿತ್ತು. ಚೆನ್ನಾಗಿತ್ತು ಅಂತ ಬರೆದಿದ್ದೆ, ಹುಳಿ ಹೆಚ್ಚಾಗಿತ್ತು ಅಂತ ಬರೆದಿರಲಿಲ್ಲ. ಆ ಸಲ ಉಪ್ಪಾಗೆ ಜಾಸ್ತಿ ಬಿದ್ದಿತ್ತು’ ಎಂದಳು. ಅದರ ಅಳತೆಯನ್ನು ಆ ದಿನವೇ ಬರೆದುಕೊಂಡೆ. ಅವಳ ಮಾತಿನಲ್ಲಿ ಅದು ಹಿಡಿ, ಬೊಗಸೆ, ಬೆರಳಗಂಟುಗಳ ಲೆಕ್ಕ. ಗ್ರಾಮುಗಳಿಗೆ ಇಳಿಸುವ ಕೆಲಸ ಇನ್ನು ನನ್ನದು.